ಕೈಬಿಟ್ಟ ಮೂರು ದಿನಗಳ ಅಳತೆ

ಆ ಸಂಶೋಧನಾ ಕೇಂದ್ರದಲ್ಲಿ ಅವಳನ್ನು ಎಲ್ಲರೂ ಕತ್ತಲಕ್ಕ ಎಂದೇ ಕರೆಯುತ್ತಿದ್ದರು. ನೆಲಮಾಳಿಗೆಯ ಕೊನೆಯ ಕೋಣೆ ಅವಳದು. ಅಲ್ಲಿನ ಒಂದೇ ಒಂದು ಕಿಟಕಿಗೆ ಕಪ್ಪು ಬಣ್ಣ ಬಳಿದಿತ್ತು. ಬಾಗಿಲ ಒಳಮಗ್ಗುಲಿಗೆ ಎರಡು ಪದರದ ಕಪ್ಪು ಪರದೆ. ಬೆಳಗ್ಗೆ ಒಂಬತ್ತಕ್ಕೆ ಒಳಹೊಕ್ಕವಳು ಊಟದ ಹೊತ್ತಿಗೆ ಕಣ್ಣು ಕಿರಿದು ಮಾಡಿಕೊಂಡು, ಗೋಡೆ ಸವರಿಕೊಂಡು ಮೆಟ್ಟಿಲು ಹತ್ತಿ ಬರುವುದನ್ನು ನೋಡಿ ಯಾರೋ ತಮಾಷೆಗೆ ಇಟ್ಟ ಹೆಸರು. ಕೊನೆಗೆ ಕಚೇರಿಯ ಫೋನ್ ಪಟ್ಟಿಯಲ್ಲೂ ಹಾಗೇ ಬರೆದಿಟ್ಟರು.

ಅವಳ ಬೆರಳ ತುದಿಗಳು ಸದಾ ಕಿತ್ತಳೆ ಬಣ್ಣಕ್ಕಿರುತ್ತಿದ್ದವು. ಲೇಸರಿಗೆ ತುಂಬುವ ಬಣ್ಣದ ನೀರು ಎಷ್ಟು ತಿಕ್ಕಿದರೂ ಹೋಗುವಂಥದ್ದಲ್ಲ. ಮಗಳು ಚಿಕ್ಕವಳಿದ್ದಾಗ ಶಾಲೆಯಲ್ಲಿ, “ನಮ್ಮಮ್ಮ ಗೋಡೆಗೆ ಬಣ್ಣ ಹೊಡೀತಾಳೆ” ಎಂದು ಹೇಳಿಕೊಂಡು ಬಂದಿದ್ದಳಂತೆ. ಅದನ್ನು ಕೇಳಿ ಗಂಡ ಬಿದ್ದು ಬಿದ್ದು ನಕ್ಕಿದ್ದ. ಅವನು ಕನ್ನಡಕದ ಕಾರ್ಖಾನೆಯಲ್ಲಿ ಗಾಜು ಉಜ್ಜುವವನು. “ನಮ್ಮಿಬ್ಬರದ್ದೂ ಬೆಳಕಿನ ವ್ಯಾಪಾರ. ಆದರೆ ನೀನು ಕತ್ತಲಲ್ಲಿ ಕೂತು ಮಾಡ್ತೀಯ ಅಷ್ಟೆ,” ಎನ್ನುತ್ತಿದ್ದ.

ಅವಳ ಕೆಲಸವನ್ನು ಹೇಳುವುದಾದರೆ ಹೀಗೆ ಹೇಳಬೇಕು. ಕಾರ್ಖಾನೆಯಿಂದಲೋ ವಾಹನದಿಂದಲೋ ಯಾವುದಾದರೂ ಅನಿಲ ಗಾಳಿಗೆ ಸೇರಿದರೆ ಅದು ಎಷ್ಟು ಕಾಲ ಅಲ್ಲೇ ಉಳಿಯುತ್ತದೆ ಎಂದು ತಿಳಿಯುವುದು. ಗಾಳಿಯಲ್ಲಿ ಬಿಸಿಲಿನಿಂದ ಹುಟ್ಟುವ ಒಂದು ಚೂರು ಇದೆ. ಒಂದು ಆಮ್ಲಜನಕಕ್ಕೆ ಒಂದು ಜಲಜನಕ ಅಂಟಿಕೊಂಡ ಹಸಿದ ಚೂರು. ಎದುರಿಗೆ ಬಂದದ್ದನ್ನೆಲ್ಲ ಕಚ್ಚಿ ಹರಿದು ಗಾಳಿಯನ್ನು ತೊಳೆಯುವುದು ಅದೇ. ಯಾವ ಅನಿಲವನ್ನು ಅದು ಬೇಗ ಕಚ್ಚುತ್ತದೋ ಅದು ಬೇಗ ಮಾಯವಾಗುತ್ತದೆ. ನಿಧಾನವಾಗಿ ಕಚ್ಚಿದರೆ ಆ ಅನಿಲ ವರ್ಷಗಟ್ಟಲೆ ಉಳಿದು, ಮೇಲೆ ಮೇಲೆ ಏರಿ, ಬಿಸಿಲಿನ ಉರಿಯನ್ನು ತಡೆಯುವ ಎತ್ತರದ ಪದರವನ್ನು ಕೊರೆಯುತ್ತದೆ.

ಆದರೆ ಆ ಚೂರಿನ ಆಯುಸ್ಸು ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುತ್ತದೆ. ಅಷ್ಟರಲ್ಲಿ ಅದನ್ನು ಎಣಿಸಬೇಕಾದರೆ ಲೇಸರೇ ಬೇಕು. ಕೋಣೆಯ ನಡುವೆ ಒಂದು ಗಾಜಿನ ಕೊಳವೆ. ಅದರೊಳಗೆ ಅಳತೆಯ ಅನಿಲ ತೆಳ್ಳಗೆ ಹರಿಯುತ್ತಿರುತ್ತದೆ. ಮೊದಲನೆಯ ಲೇಸರ್ ಒಂದು ಸಲ ಮಿಂಚಿದರೆ ಆ ಚೂರುಗಳು ಹುಟ್ಟುತ್ತವೆ. ಒಂದು ಸೆಕೆಂಡೂ ಅಲ್ಲ, ಅದರ ಸಾವಿರದ ಒಂದು ಪಾಲು ತಡೆದು ಎರಡನೆಯ ಲೇಸರ್ ಮಿಂಚುತ್ತದೆ. ಆಗ ಇನ್ನೂ ಬದುಕಿರುವ ಚೂರುಗಳು ಮಿಣ್ಣಗೆ ಹೊಳೆಯುತ್ತವೆ. ಎರಡು ಮಿಂಚುಗಳ ನಡುವಿನ ಬಿಡುವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಹೋದರೆ ಹೊಳಪು ಇಳಿಯುತ್ತ ಹೋಗುತ್ತದೆ. ಎಷ್ಟು ಬೇಗ ಇಳಿಯಿತು ಎಂಬ ಗೆರೆಯ ಇಳಿಜಾರೇ ಅವಳಿಗೆ ಬೇಕಾದ ಸಂಖ್ಯೆ. ಸೆಕೆಂಡಿಗೆ ಹತ್ತು ಸಲ ಟಿಕ್ ಟಿಕ್ ಎನ್ನುವ ಆ ಸದ್ದಿನಲ್ಲಿ, ಪಂಪಿನ ಗುರುಗುರುವಿನಲ್ಲಿ, ಅವಳು ಹದಿನೈದು ವರ್ಷ ಕಳೆದಳು.

ಇದನ್ನೆಲ್ಲ ಕಲಿಸಿಕೊಟ್ಟವರು ಮೇಷ್ಟ್ರು. ಪ್ರಯೋಗಾಲಯದ ಮುಖ್ಯಸ್ಥರಾಗಿದ್ದರೂ ಅವರನ್ನು ಯಾರೂ ಬೇರೆ ಹೆಸರಿನಿಂದ ಕರೆದದ್ದಿಲ್ಲ. ಕಡ್ಡಿಯಂಥ ಆಳು, ಮಾತು ಅಳತೆಯದು. ಪ್ರಶ್ನೆ ಕೇಳುವ ಮೊದಲು ಎರಡು ಸಲ ಗಂಟಲು ಸರಿಮಾಡಿಕೊಳ್ಳುವುದು ಅವರ ಅಭ್ಯಾಸ. ಆ ಸದ್ದು ಕೇಳಿದರೆ ಸಾಕು, ಕೋಣೆಯಲ್ಲಿದ್ದವರೆಲ್ಲ ತಾವು ಏನು ತಪ್ಪು ಮಾಡಿದ್ದೇವೆ ಎಂದು ಮನಸ್ಸಿನಲ್ಲೇ ಹುಡುಕಾಡುತ್ತಿದ್ದರು. ಅವರು ಬೈದವರಲ್ಲ. ಕತ್ತಲಕ್ಕ ಒಮ್ಮೆ ಕೊಳವೆಯ ಕಿಟಕಿಗಾಜನ್ನು ಒಡೆದಾಗ “ಪರವಾಗಿಲ್ಲಮ್ಮ” ಎಂದಷ್ಟೇ ಹೇಳಿ, ಎರಡು ದಿನ ಮಾತಾಡಲಿಲ್ಲ. ನಾಲ್ಕು ಏಟು ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ ಎಂದು ಅವಳು ಗಂಡನ ಮುಂದೆ ಅತ್ತಿದ್ದಳು.

ಅದಾಗಿ ಎರಡು ವಾರಕ್ಕೆ ಹೊಸ ಅಳತೆಯೊಂದರ ಆ ನಾಲ್ಕನೆಯ ದಿನ ಬಂತು.

ಲೋಹದ ಸಾಮಾನುಗಳ ಜಿಡ್ಡು ತೆಗೆಯುವುದಕ್ಕೆ ಒಂದು ಹೊಸ ದ್ರವ ಬಂದಿತ್ತು. ತಟ್ಟನೆ ಆವಿಯಾಗುವಂಥದ್ದು, ತುಸು ಸಿಹಿ ವಾಸನೆಯದ್ದು. ಅದರ ಆವಿ ಗಾಳಿಯಲ್ಲಿ ಎಷ್ಟು ಕಾಲ ಉಳಿಯುತ್ತದೆ ಎಂದು ಅಳೆದುಕೊಡಬೇಕಾಗಿತ್ತು. ಬೇರೊಂದು ಪ್ರಯೋಗಾಲಯದವರು ತಾವೇ ಶುದ್ಧ ಮಾಡಿದ ಒಂದು ಪುಟ್ಟ ಸೀಸೆ ಕಳಿಸಿದ್ದರು. ಮೂರು ದಿನ ಅಳತೆ ನಡೆಯಿತು. ಗೆರೆ ಬಹಳ ನಿಧಾನವಾಗಿ ಇಳಿಯಿತು. ಲೆಕ್ಕ ಹಾಕಿದರೆ ಸುಮಾರು ಮೂರು ವರ್ಷ. ಮೇಷ್ಟ್ರು ಹುಬ್ಬು ಗಂಟಿಕ್ಕಿ, “ಇಷ್ಟು ನಿಧಾನವಾ? ನೋಡೋಣ,” ಎಂದಿದ್ದರು.

ನಾಲ್ಕನೆಯ ದಿನ ಬೆಳಗ್ಗೆ ಕತ್ತಲಕ್ಕನ ಮಗಳಿಗೆ ಜ್ವರ. ಮೂರು ವರ್ಷದ ಕೂಸನ್ನು ಪಕ್ಕದ ಮನೆಯಾಕೆಯ ತೊಡೆಯ ಮೇಲೆ ಮಲಗಿಸಿ ಬಂದಿದ್ದಳು. ಬೇಗ ಮುಗಿಸಿ ಹೊರಡುವ ಆತುರ. ಆ ಆತುರದಲ್ಲಿ, ಕೊಳವೆಗೆ ಜೋಡಿಸಿದ್ದ ನಲ್ಲಿಯಂಥ ಕಾಕುಗಳಲ್ಲಿ ತಿರುಗಿಸಬಾರದ ಕಾಕನ್ನು ತಿರುಗಿಸಿಬಿಟ್ಟಳು. ಹೊರಗಿನ ಗಾಳಿ ಬುಸ್ಸೆಂದು ನುಗ್ಗಿತು. ಒತ್ತಡ ತೋರಿಸುವ ಗೇಜಿನ ಮುಳ್ಳು ಕೊನೆಗೆ ಹೋಗಿ ಟಕ್ಕೆಂದು ಬಡಿಯಿತು. ತಕ್ಷಣ ಕಾಕು ಮುಚ್ಚಿದಳು. ಮುಳ್ಳು ವಾಪಸು ಬಂತು. ಆದರೆ ಸೊನ್ನೆಗೆ ಬರಲಿಲ್ಲ, ಒಂದು ಕೂದಲೆಳೆ ಈಚೆಗೇ ನಿಂತಿತು.

ಗೇಜು ಕೆಟ್ಟರೆ ಕೊಳವೆಯಲ್ಲಿ ಅನಿಲ ಎಷ್ಟಿದೆ ಎಂಬುದೇ ತಪ್ಪಾಗುತ್ತದೆ. ಅವಳಿಗದು ಚೆನ್ನಾಗಿ ಗೊತ್ತು. ಅವಳ ನೌಕರಿ ಖಾಯಂ ಆಗುವ ಕಾಗದ ಅದೇ ತಿಂಗಳು ಬರಬೇಕಿತ್ತು. ಮೇಷ್ಟ್ರ ಆ ಎರಡು ದಿನದ ಮೌನ ಇನ್ನೂ ಕಿವಿಯಲ್ಲೇ ಇತ್ತು. ಬಾಯಿ ಹೊಲಿದುಕೊಂಡು ಕೆಲಸ ಶುರು ಮಾಡಿದಳು.

ಆ ದಿನ ಗೆರೆಯ ಚುಕ್ಕಿಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಬಿದ್ದವು. ಸಂಜೆ ಮೇಷ್ಟ್ರು ಬಂದು, ಅಳತೆ ಬರೆದಿಡುವ ಪುಸ್ತಕ ನೋಡಿ, ಗೇಜಿನ ಮುಂದೆ ಬಗ್ಗಿ ನಿಂತರು. ಎರಡು ಸಲ ಗಂಟಲು ಸರಿಮಾಡಿಕೊಂಡರು.

“ಈ ಗೇಜು ಕೆಟ್ಟಿದೆಯಲ್ಲಮ್ಮ. ಯಾವಾಗಿಂದ?”

“ಗೊತ್ತಿಲ್ಲ ಸಾರ್.”

“ಮೊದಲ ದಿನದಿಂದಲೂ ಹೀಗೇ ಇತ್ತೋ ಏನೋ.”

ಅವಳು ಬಣ್ಣದ ನೀರಿನ ಸೀಸೆಯ ಮುಚ್ಚಳ ಬಿಗಿ ಮಾಡಿದಳು. ಅವರು ಜೇಬಿನಿಂದ ಪೆನ್ಸಿಲ್ ತೆಗೆದು, ನಾಲ್ಕೂ ದಿನದ ಪುಟಗಳ ಮೇಲೆ ಮೂಲೆಯಿಂದ ಮೂಲೆಗೆ ಒಂದೊಂದು ಗೀಟು ಎಳೆದರು. ಮೂರು ದಿನದ ಒಳ್ಳೆಯ ಅಳತೆ ನಾಲ್ಕನೆಯ ದಿನದ ಜೊತೆಗೇ ಹೋಯಿತು.

ಹೊಸ ಗೇಜು ಬರಲು ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಪುಟ್ಟ ಸೀಸೆ ಬರಿದಾಗಿತ್ತು. ದ್ರವ ತಯಾರಿಸುವ ಕಂಪನಿಯಿಂದಲೇ ದೊಡ್ಡ ಸೀಸೆ ತರಿಸಿದರು. ಈ ಸಲ ಗೆರೆ ಅಷ್ಟು ನೇರ, ಅಷ್ಟು ಅಚ್ಚುಕಟ್ಟು, ನೋಡಿದರೆ ಕಣ್ಣು ತಂಪಾಗಬೇಕು. ಇಳಿಜಾರು ಮಾತ್ರ ಮೊದಲಿಗಿಂತ ಆರು ಪಟ್ಟು ಕಡಿದು. ಮೂರು ವರ್ಷ ಅಂದದ್ದು ಆರು ತಿಂಗಳಾಯಿತು. ಮೇಷ್ಟ್ರು ಬಹಳ ದಿನಗಳ ಮೇಲೆ ನಕ್ಕರು. “ನೋಡಿದ್ಯಾ, ಗೇಜು ಎಷ್ಟು ಆಟ ಆಡಿಸಿತ್ತು ನಮ್ಮನ್ನ!”

ಕತ್ತಲಕ್ಕ ಹೊಸ ಗೇಜಿನ ಮುಳ್ಳನ್ನು ಮತ್ತೊಮ್ಮೆ ನೋಡಿದಳು. ಮೊದಲ ಮೂರು ದಿನ ಗೇಜು ಸರಿಯಾಗಿಯೇ ಇತ್ತು ಎಂದು ಬಲ್ಲವಳು ಪ್ರಪಂಚದಲ್ಲಿ ಅವಳೊಬ್ಬಳೇ. ಹಾಗಾದರೆ ಈ ಆರು ಪಟ್ಟು ಎಲ್ಲಿಂದ ಬಂತು? ಕೇಳಲು ಬಾಯಿ ತೆರೆದರೆ ಕಾಕಿನ ಕಥೆಯೂ ಹೊರಗೆ ಬರಬೇಕು. ದೊಡ್ಡವರಿಗೆ ಗೊತ್ತಿರುತ್ತದೆ ಎಂದು ತನಗೆ ತಾನೇ ಹೇಳಿಕೊಂಡು, ಆ ಸಂಖ್ಯೆಯನ್ನು ತನ್ನ ಕೈಯಾರೆ ಟೈಪು ಮಾಡಿದಳು. ಲೇಖನ ಅಚ್ಚಾಯಿತು. ಕೆಳಗೆ ಸಹಾಯ ಮಾಡಿದವರು ಎಂದು ಅವಳ ಹೆಸರೂ ಬಂತು. ನೌಕರಿಯೂ ಖಾಯಮಾಯಿತು.

ಎರಡು ವರ್ಷದ ಮೇಲೆ ಒಂದು ಸಂಜೆ ಗಂಡ ಅಂಗಿ ಕಳಚಿ ಕುರ್ಚಿಗೆ ಹಾಕಿದ. ಸಿಹಿ ವಾಸನೆ ಮನೆಯೆಲ್ಲ ಹರಡಿತು. ಕತ್ತಲಕ್ಕ ಒಲೆಯ ಮುಂದಿಂದ ಧಡಕ್ಕನೆ ತಿರುಗಿದಳು.

“ಏನ್ರೀ ಅದು ವಾಸನೆ?”

“ಓ, ಅದಾ? ಕನ್ನಡಕದ ಫ್ರೇಮು ತೊಳೆಯೋಕೆ ಹೊಸ ದ್ರವ ತಂದಿದ್ದಾರೆ. ಅದ್ದಿ ತೆಗೆದ್ರೆ ಫಳಫಳ ಅನ್ನುತ್ತೆ. ಏನೂ ಹಾನಿ ಇಲ್ವಂತೆ, ಆರು ತಿಂಗಳಲ್ಲಿ ಗಾಳಿಲಿ ಕರಗಿ ಹೋಗುತ್ತಂತೆ. ಡಬ್ಬದ ಮೇಲೇ ಬರೆದಿದೆ.”

ಆರು ತಿಂಗಳು. ಅವಳ ಕೈಯಿಂದ ಹೊರಟ ಸಂಖ್ಯೆ ಅವಳ ಗಂಡನ ಅಂಗಿಯ ಮೇಲೆ ಕೂತು ಮನೆಗೆ ಬಂದಿತ್ತು. ಆ ಸಂಖ್ಯೆ ನೋಡಿಯೇ ಸರ್ಕಾರದ ಸಮಿತಿಯವರು ಆ ದ್ರವಕ್ಕೆ ಒಪ್ಪಿಗೆ ಕೊಟ್ಟರೆಂದು ಆಮೇಲೆ ಅವಳಿಗೆ ತಿಳಿಯಿತು. ಅಂದಿನಿಂದ ಹತ್ತು ವರ್ಷ ಗಂಡನ ಅಂಗಿಗಳನ್ನು ಅವಳು ಬೇರೆ ಬಕೆಟ್ಟಿನಲ್ಲಿ ನೆನೆಹಾಕಿದಳು. ಯಾಕೆ ಎಂದು ಅವನು ಕೇಳಿದರೆ, “ಜಿಡ್ಡು” ಎನ್ನುತ್ತಿದ್ದಳು.

ಮೇಷ್ಟ್ರಿಗೆ ಕಾಯಿಲೆ ಬಂದದ್ದು ಆ ಹತ್ತು ವರ್ಷದ ಕೊನೆಯಲ್ಲಿ. ಆಸ್ಪತ್ರೆಗೆ ನೋಡಲು ಹೋದಾಗ ಅವರು ಹಾಸಿಗೆಯಲ್ಲಿ ಇದ್ದಾರೋ ಇಲ್ಲವೋ ಎನ್ನುವಷ್ಟು ಸಣ್ಣಗಾಗಿದ್ದರು. ಮಧ್ಯಾಹ್ನದ ಬಿಸಿಲು ಹೊದಿಕೆಯ ಮೇಲೆ ಬಿದ್ದಿತ್ತು. ಅವರ ಹೆಂಡತಿ ಔಷಧಿ ತರಲು ಕೆಳಗೆ ಹೋಗಿದ್ದರು. ಮೇಷ್ಟ್ರು ಕಣ್ಣು ಬಿಟ್ಟು ಇವಳನ್ನು ನೋಡಿ ಎರಡು ಸಲ ಗಂಟಲು ಸರಿಮಾಡಿಕೊಂಡರು.

“ಆ ಗೇಜು... ಯಾವಾಗಿಂದ ಕೆಟ್ಟಿತ್ತು?”

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇನ್ನೊಂದು ಸಿಗುತ್ತಿರಲಿಲ್ಲ. ಅವಳು ಹೊದಿಕೆಯ ಅಂಚನ್ನು ಸರಿಪಡಿಸಿದಳು.

“ಗೊತ್ತಿಲ್ಲ ಸಾರ್.”

ಅವರು ಕಣ್ಣು ಮುಚ್ಚಿಕೊಂಡರು. ಮೂರನೆಯ ದಿನಕ್ಕೆ ಹೋಗಿಬಿಟ್ಟರು.

ಅವರು ಹೋದ ಮೇಲೆ ಕತ್ತಲ ಕೋಣೆ ಮೊದಲಿನಂತೆ ಉಳಿಯಲಿಲ್ಲ. ಲೇಸರ್ ಹಚ್ಚಿ ಪರದೆ ಎಳೆದು ಕೂತರೆ, ಹತ್ತು ನಿಮಿಷ ಕಳೆಯುವುದರೊಳಗೆ ಬೆನ್ನ ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡಂತೆ ಕೇಳುತ್ತಿತ್ತು. ಎರಡು ಸಲ. ಆಮೇಲೆ ಪ್ರಶ್ನೆಗೆ ಬಿಡುವು ಕೊಟ್ಟಂತೆ ನಿಶ್ಶಬ್ದ. ಅವಳು ದೆವ್ವ ಭೂತ ನಂಬುವವಳಲ್ಲ. ಪಂಪಿನ ಸದ್ದಿರಬೇಕೆಂದು ಎಣ್ಣೆ ಬದಲಿಸಿದಳು. ಬೆಲ್ಟು ಬಿಗಿ ಮಾಡಿಸಿದಳು. ಪಂಪು ಬೆಕ್ಕಿನ ಹಾಗೆ ಮೆತ್ತಗಾಯಿತು. ಆ ಸದ್ದು ಇನ್ನೂ ಸ್ಪಷ್ಟವಾಯಿತು.

ಮೇಷ್ಟ್ರು ಕೂರುತ್ತಿದ್ದ ಎತ್ತರದ ಸ್ಟೂಲನ್ನು ಮೂಲೆಗೆ ಸರಿಸಿಟ್ಟರೂ ಮರುದಿನ ಅವಳೇ ಅರಿವಿಲ್ಲದೆ ತಂದು ಪರದೆಯ ಮುಂದೆ ಇಟ್ಟಿರುತ್ತಿದ್ದಳು. ಅದರ ಮೇಲೆ ಕೈಚೀಲ ಇಡಲೂ ಮನಸ್ಸು ಬರುತ್ತಿರಲಿಲ್ಲ. ಒಂದು ದಿನ ಗೆರೆಯ ಮೇಲೆ ಕಣ್ಣಿಟ್ಟು ಕೂತಿದ್ದಾಗ ಸದ್ದು ಕಿವಿಯ ಹತ್ತಿರವೇ ಬಂತು. ಯೋಚಿಸುವ ಮೊದಲೇ, “ಏನ್ ಸಾರ್?” ಅಂದುಬಿಟ್ಟಳು. ಪರದೆಯಾಚೆ ಕಾಗದ ತಂದಿದ್ದ ಜವಾನ ಅಲ್ಲೇ ಕಲ್ಲಾಗಿ ನಿಂತ. ಆಮೇಲೆ ಅವನು ಆ ಕೋಣೆಗೆ ಬರುವುದನ್ನೇ ಬಿಟ್ಟ. ಕಾಗದಗಳನ್ನು ಬಾಗಿಲ ಸಂದಿಯಿಂದ ಒಳಗೆ ತಳ್ಳಿ ಓಡುತ್ತಿದ್ದ. ಊಟದ ಮನೆಯಲ್ಲಿ ನಗೆಯೋ ನಗೆ. ಅವಳು ತಾನೂ ನಕ್ಕಳು, ಆದರೆ ಊಟದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿದಳು.

ಆ ಸಂಜೆ ಮನೆಯಲ್ಲಿ ಮೊದಲ ಸಲ ಗಂಡನಿಗೆ ಎಲ್ಲ ಹೇಳಿದಳು. ಕಾಕು, ಮುಳ್ಳು, ಪೆನ್ಸಿಲ್ ಗೀಟು, ಆಸ್ಪತ್ರೆ, ಅಂಗಿಯ ವಾಸನೆ. ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ.

“ಅದರಿಂದ ಯಾರಾದ್ರೂ ಸತ್ರಾ?”

“ಗೊತ್ತಿಲ್ಲ.”

“ಯಾರಿಗಾದ್ರೂ ಕಾಯಿಲೆ ಬಂತಾ?”

“ಅದೂ ಗೊತ್ತಿಲ್ಲ ಕಣ್ರೀ. ಯಾರಿಗೆ, ಎಲ್ಲಿ, ಯಾವಾಗ ಅಂತ ಯಾವತ್ತೂ ಗೊತ್ತಾಗಲ್ಲ. ಒಬ್ಬರ ಮನೆ ಬಾಗಿಲಿಗೆ ಹೋಗಿ ತಪ್ಪಾಯ್ತು ಅನ್ನೋಣ ಅಂದ್ರೆ ಆ ಮನೇನೇ ಇಲ್ಲ.”

“ಹಾಗಾದ್ರೆ ಮತ್ತೆ ಅಳತೆ ಮಾಡು,” ಅಂದ ಅವನು. “ನಮ್ಮಲ್ಲಿ ಗಾಜು ತಪ್ಪಾದ್ರೆ ಮತ್ತೆ ಉಜ್ಜಲ್ವಾ?”

ಮೇಷ್ಟ್ರ ಜಾಗಕ್ಕೆ ಬಂದಿದ್ದ ಹೊಸ ಮೇಡಂ ಅವಳಿಗಿಂತ ಹತ್ತು ವರ್ಷ ಚಿಕ್ಕವರು, ಚುರುಕು. ಹಳೆಯ ಲೇಸರುಗಳನ್ನು ಕಿತ್ತು ಹೊಸ ಯಂತ್ರ ತರಿಸುವುದೆಂದು ಆಗಲೇ ನಿಶ್ಚಯವಾಗಿತ್ತು. ಅದಕ್ಕೆ ಇನ್ನು ಎರಡು ತಿಂಗಳಿತ್ತು.

“ಅಷ್ಟರಲ್ಲಿ ಒಂದು ಹಳೆ ಅಳತೆ ಮತ್ತೆ ಮಾಡ್ಲಾ ಮೇಡಂ?” ಎಂದು ಕೇಳಿದಳು ಕತ್ತಲಕ್ಕ.

“ಯಾಕೆ?”

“ಅನುಮಾನ ಇದೆ.”

ಮೇಡಂ ಅವಳ ಮುಖ ನೋಡಿ, “ಮಾಡಿ,” ಅಂದರು. ಮತ್ತೇನೂ ಕೇಳಲಿಲ್ಲ.

ಕಂಪನಿಯ ದೊಡ್ಡ ಸೀಸೆ ಕಪಾಟಿನ ಕೆಳಗಿನ ಸಾಲಿನಲ್ಲಿ ಇನ್ನೂ ಇತ್ತು, ಕಾಲುಭಾಗ ದ್ರವ ಉಳಿದಿತ್ತು. ಮೊದಲು ಅದನ್ನು ಇದ್ದಹಾಗೆಯೇ ಅಳೆದಳು. ಸಂಖ್ಯೆ ಹನ್ನೆರಡು ವರ್ಷದ ಹಿಂದಿನದಕ್ಕೆ ಕೂದಲೆಳೆಯಷ್ಟೂ ತಪ್ಪದೆ ಹೊಂದಿತು. ಅಂದರೆ ಮೇಷ್ಟ್ರೂ ತಾನೂ ಅಳೆದದ್ದರಲ್ಲಿ ತಪ್ಪಿಲ್ಲ. ಒಂದು ಗಳಿಗೆ ಅವಳಿಗೆ ಹಗುರವಾಯಿತು. ಇಷ್ಟಕ್ಕೇ ನಿಲ್ಲಿಸಿ ಪರದೆ ಸರಿಸಿ ಹೊರಗೆ ಹೋಗಿಬಿಡಬಹುದಿತ್ತು. ಬೆನ್ನ ಹಿಂದೆ ಎರಡು ಸಲ ಗಂಟಲ ಸದ್ದಾಯಿತು.

“ಇರಿ ಸಾರ್, ಮುಗಿದಿಲ್ಲ,” ಅಂದಳು, ತಿರುಗದೆ.

ಆಮೇಲೆ ನಾಲ್ಕು ದಿನ ಆ ದ್ರವವನ್ನು ಬಟ್ಟಿ ಇಳಿಸಿದಳು. ಮೊದಲು ಬಂದದ್ದನ್ನು ಚೆಲ್ಲಿದಳು, ಕೊನೆಗೆ ಉಳಿದದ್ದನ್ನೂ ಬಿಟ್ಟಳು, ನಡುವಿನ ಪಾಲನ್ನಷ್ಟೇ ಹಿಡಿದಿಟ್ಟಳು. ಹಾಗೆ ಮೂರು ಸಲ. ಕೊನೆಗೆ ಒಂದು ಬಟ್ಟಲಿನಷ್ಟು ಉಳಿಯಿತು. ಅದರ ಆವಿಯನ್ನು ಕೊಳವೆಗೆ ಬಿಟ್ಟು, ಗೇಜಿನ ಸೊನ್ನೆಯನ್ನು ಐದು ಸಲ ನೋಡಿ, ಲೇಸರ್ ಹಚ್ಚಿದಳು. ಟಿಕ್ ಟಿಕ್ ಟಿಕ್. ಮೊದಲನೆಯ ಚುಕ್ಕಿ ಬಿತ್ತು, ಎರಡನೆಯದು, ಹತ್ತನೆಯದು. ಗೆರೆ ಇಳಿಯಲಿಲ್ಲ. ಅಂದರೆ ಇಳಿಯಿತು, ಆದರೆ ಇಳಿಯಲೋ ಬೇಡವೋ ಎನ್ನುವ ಹಾಗೆ. ಕಪಾಟಿನಿಂದ ಹಳೆಯ ಪುಸ್ತಕ ತೆಗೆದು, ಸಣ್ಣ ಕೆಂಪು ದೀಪದಡಿ ಗೀಟು ಎಳೆದಿದ್ದ ಪುಟಗಳನ್ನು ಬಿಡಿಸಿದಳು. ಪೆನ್ಸಿಲ್ ಗೀಟಿನ ಕೆಳಗೆ ಅವಳದೇ ಹರೆಯದ ಅಕ್ಷರ. ಮೊದಲ ದಿನ, ಎರಡನೆಯ ದಿನ, ಮೂರನೆಯ ದಿನ. ಮೂರೂ ದಿನದ ಇಳಿಜಾರು, ಇವತ್ತಿನ ಇಳಿಜಾರು, ಎಲ್ಲ ಒಂದೇ.

ಮೂರು ವರ್ಷ. ಮೊದಲೇ ಅದೇ ಬಂದಿತ್ತು.

ಉಳಿದದ್ದನ್ನು ಹೊಸ ಮೇಡಂ ಪತ್ತೆ ಮಾಡಿದರು. ಕಂಪನಿಯ ಸೀಸೆಯ ದ್ರವವನ್ನು ಬೆರಕೆ ಬೇರ್ಪಡಿಸುವ ಯಂತ್ರಕ್ಕೆ ಹಾಕಿದಾಗ ದೊಡ್ಡ ಗುಡ್ಡದಂಥ ಗೆರೆಯ ಪಕ್ಕದಲ್ಲಿ ಇರುವೆಗೂಡಿನಷ್ಟು ಪುಟ್ಟ ಏರು ಕಾಣಿಸಿತು. ದ್ರವ ಕೆಡದಿರಲೆಂದು ಕಂಪನಿಯವರು ಬೆರೆಸಿದ್ದ ಇನ್ನೊಂದು ವಸ್ತು. ಸಾವಿರಕ್ಕೆ ಒಂದೇ ಪಾಲು. ಆದರೆ ಅದನ್ನು ಆ ಹಸಿದ ಚೂರುಗಳು ಕಂಡೊಡನೆ ಕಚ್ಚುತ್ತಿದ್ದವು. ಅಳತೆಯಲ್ಲಿ ಕಂಡ ಅವಸರವೆಲ್ಲ ಆ ಒಂದು ಪಾಲಿನದು.

“ಕಲ್ಮಶದಿಂದ ತಪ್ಪಾಗಿತ್ತು ಅಂತ ಬರೆದ್ರೆ ಮುಗೀತು,” ಅಂದರು ಮೇಡಂ. “ಇಂಥದ್ದು ಎಲ್ಲ ಕಡೆ ಆಗುತ್ತೆ.”

“ಇಲ್ಲ ಮೇಡಂ, ಇನ್ನೊಂದಿದೆ.” ಕತ್ತಲಕ್ಕ ಹಳೆಯ ಪುಸ್ತಕವನ್ನು ಅವರ ಮೇಜಿನ ಮೇಲಿಟ್ಟು ಕಾಕಿನ ವಿಷಯ ಹೇಳಿದಳು.

ಮೇಡಂ ಪುಟ ತಿರುಗಿಸುತ್ತ ಕೇಳಿದರು. “ಇದನ್ನ ನೀವು ಹೇಳದೇ ಇದ್ದಿದ್ರೆ ಯಾರಿಗೂ ತಿಳೀತಿರಲಿಲ್ಲ.”

“ಸರಿಯಾದ ಅಳತೆ ಕೈಲಿದ್ರೂ ಯಾಕೆ ಬಿಟ್ರು ಅಂತ ಒಂದಲ್ಲ ಒಂದು ದಿನ ಯಾರಾದ್ರೂ ಕೇಳ್ತಾರೆ. ಆಗ ಸಾರ್ ಮೇಲೆ ಬರುತ್ತೆ. ಅವರಿಗೆ ಉತ್ತರ ಹೇಳೋಕೆ ಬಾಯಿಲ್ಲ.”

ಅಚ್ಚಿಗೆ ಕಳಿಸುವ ಮೊದಲು ಮೇಷ್ಟ್ರ ಹೆಂಡತಿಗೆ ಹೇಳಬೇಕೆನಿಸಿತು. ಮೂರನೆಯ ಮಹಡಿಯ ಮನೆ. ರಜೆಯ ದಿನ ಮಧ್ಯಾಹ್ನ. ಅವರು ಒಗೆದ ಬಟ್ಟೆ ಮಡಿಸುತ್ತ ಕೂತಿದ್ದರು, ಮಡಿಸುತ್ತಲೇ ಮಾತಾಡಿದರು.

“ಅಮ್ಮಾ, ಸಾರ್ ಹೆಸರಲ್ಲಿರೋ ಒಂದು ಅಳತೆ ತಪ್ಪು ಅಂತ ಬರೀತಿದ್ದೀವಿ.”

ಅವರ ಕೈ ನಿಂತಿತು. “ಅವರು ಹೋಗಿ ಇನ್ನೂ ವರ್ಷ ತುಂಬಿಲ್ಲ. ಅಷ್ಟರಲ್ಲೇ ತಪ್ಪು ಹುಡುಕೋಕೆ ಹೊರಟ್ರಾ?”

“ತಪ್ಪು ಅವರದಲ್ಲಮ್ಮ, ನಂದು.”

ಹೇಳಿದಳು. ಒಂದನ್ನೂ ಬಿಡಲಿಲ್ಲ. ಆಸ್ಪತ್ರೆಯ ಮಾತಿಗೆ ಬಂದಾಗ ಮೇಷ್ಟ್ರ ಹೆಂಡತಿ ತಲೆಯೆತ್ತಿದರು.

“ಗೇಜು ಯಾವಾಗಿಂದ ಕೆಟ್ಟಿತ್ತು ಅಂತಾನಾ ಕೇಳಿದ್ದು?”

“ಹೌದು.”

“ನನ್ನನ್ನೂ ಕೇಳಿದ್ರು.” ಅವರು ಕೈಯಲ್ಲಿದ್ದ ಟವೆಲನ್ನು ಮೊಣಕಾಲ ಮೇಲೆ ಹರಡಿಕೊಂಡರು. “ನಮ್ಮನೆ ಬಾಯ್ಲರಿನ ಗೇಜು ಅಂದ್ಕೊಂಡೆ ನಾನು. ‘ರಿಪೇರಿಯವನು ಬಂದು ಸರಿ ಮಾಡಿದಾನೆ ಕಣ್ರೀ, ಮಲಗಿ’ ಅಂದೆ. ನರ್ಸನ್ನೂ ಕೇಳಿದ್ರು. ನೆಲ ಒರೆಸೋಕೆ ಬಂದೋನನ್ನೂ ಕೇಳಿದ್ರು. ಅವನು ಪಾಪ, ‘ನಂಗೊತ್ತಿಲ್ಲ ಸ್ವಾಮಿ, ನಾನು ಹೊಸಬ’ ಅಂದ. ಜ್ವರದ ಗುಂಗಲ್ಲಿ ಏನೋ ಬಡಬಡಿಸ್ತಾರೆ ಅಂತ ನಾವೆಲ್ಲ ನಕ್ಕಿದ್ವಿ.”

ಇಷ್ಟು ದಿನ ಕತ್ತಲಕ್ಕ ಆ ಪ್ರಶ್ನೆ ತನ್ನನ್ನು ಹಿಡಿಯಲು ಬೀಸಿದ ಬಲೆ ಎಂದುಕೊಂಡಿದ್ದಳು. ಈಗ ನೋಡಿದರೆ ಆ ಮನುಷ್ಯ ಹನ್ನೆರಡು ವರ್ಷ ಆ ಅನುಮಾನವನ್ನು ಒಳಗೇ ಇಟ್ಟುಕೊಂಡು, ಕೊನೆಗೆ ಸಿಕ್ಕಸಿಕ್ಕವರ ಹತ್ತಿರ ಉತ್ತರಕ್ಕೆ ಅಂಗಲಾಚಿದ್ದರು. ಗೊತ್ತಿದ್ದವಳೊಬ್ಬಳು ಹಾಸಿಗೆಯ ಪಕ್ಕದಲ್ಲೇ ನಿಂತಿದ್ದಳು.

“ಎರಡು ಸಲ ಗೊತ್ತಿಲ್ಲ ಅಂದ್ರಲ್ಲ ನೀವು,” ಅಂದರು ಮೇಷ್ಟ್ರ ಹೆಂಡತಿ. ದನಿ ಏರಿರಲಿಲ್ಲ. “ಮೊದಲನೇದು ಬಿಡಿ, ಚಿಕ್ಕವರಿದ್ರಿ. ಎರಡನೇದು...” ಮುಂದೆ ಹೇಳಲಿಲ್ಲ. ಟವೆಲನ್ನು ನಾಲ್ಕು ಮಡಿಕೆ ಮಾಡಿದರು, ಮತ್ತೆ ಬಿಚ್ಚಿದರು. “ಈಗ ಹೋಗಿಮ್ಮ. ಕೋಪ ಇಲ್ಲ ಅಂತಲ್ಲ. ಇವತ್ತು ಹೋಗಿ.”

ಹತ್ತು ದಿನ ಕಳೆದು ಕೇಂದ್ರಕ್ಕೆ ಅವರ ಫೋನು ಬಂತು. ನಮಸ್ಕಾರವಿಲ್ಲ, ಪೀಠಿಕೆಯಿಲ್ಲ. “ಅವರ ಹೆಸರನ್ನೂ ಹಾಕಿ. ತಪ್ಪಾದ ಕಾಗದದಲ್ಲಿ ಇದ್ದಾರೆ, ತಿದ್ದಿದ ಕಾಗದದಲ್ಲೂ ಇರಲಿ.” ಅಷ್ಟು ಹೇಳಿ ಇಟ್ಟರು.

ತಿದ್ದುಪಡಿ ಎರಡು ಪುಟದ್ದು. ಮೊದಲು ಕತ್ತಲಕ್ಕನ ಹೆಸರು, ನಡುವೆ ಮೇಡಂ, ಕೊನೆಗೆ ಮೇಷ್ಟ್ರದು. ಗೇಜು ಯಾವ ದಿನ, ಯಾರ ಕೈಯಿಂದ ಕೆಟ್ಟಿತು ಎಂಬುದು ಎರಡನೆಯ ಪುಟದಲ್ಲಿ ಒಂದು ಸಾಲಿನಲ್ಲಿ ಇದೆ. ಅದನ್ನು ಬರೆಯುವಾಗ ಮೇಡಂ “ಸಿಬ್ಬಂದಿಯೊಬ್ಬರಿಂದ” ಎಂದು ಹಾಕಿದ್ದರು. ಅವಳು ಹೊಡೆದುಹಾಕಿ ತನ್ನ ಹೆಸರು ಬರೆದಳು.

ಲೇಸರುಗಳನ್ನು ಕೀಳಲು ಬಂದ ದಿನ ಪಂಪನ್ನು ನಿಲ್ಲಿಸಿದ್ದು ಅವಳೇ. ಅಲ್ಲಿಯವರೆಗೂ ಆ ಸದ್ದು ಇತ್ತು. ಅಳತೆ ಸರಿಹೋದ ಮೇಲೂ ಇತ್ತು, ಮೇಷ್ಟ್ರ ಮನೆಗೆ ಹೋಗಿ ಬಂದ ಮೇಲೂ ಇತ್ತು. ಬೆಚ್ಚಿ ಬೀಳುವುದನ್ನು ಮಾತ್ರ ಅವಳು ಬಿಟ್ಟಿದ್ದಳು. ಕೊನೆಕೊನೆಗೆ ಸದ್ದು ಕೇಳಿದೊಡನೆ, “ನಾಲ್ಕನೇ ದಿನ ಸಾರ್, ಬೆಳಗ್ಗೆ ಒಂಬತ್ತೂವರೆಗೆ,” ಎಂದು ಜೋರಾಗಿಯೇ ಹೇಳುತ್ತಿದ್ದಳು. ಪಂಪು ನಿಂತ ಮೇಲೆ ಕೋಣೆ ಪೂರ್ತಿ ಮೌನವಾಯಿತು. ಎಲ್ಲವೂ ಪಂಪಿನ ಸದ್ದೇ ಆಗಿತ್ತು ಎಂದುಕೊಳ್ಳಬಹುದಿತ್ತು. ಅವಳು ಹಾಗೆ ಅಂದುಕೊಳ್ಳಲಿಲ್ಲ.

ಸಮಿತಿಯವರು ತಮ್ಮ ಪಟ್ಟಿ ತಿದ್ದಲು ಒಂದೂವರೆ ವರ್ಷ ತೆಗೆದುಕೊಂಡರು. ಆಮೇಲೆ ಆ ದ್ರವ ಒಂದೊಂದೇ ಕಾರ್ಖಾನೆಯಿಂದ ಹೊರಬಿತ್ತು. ಗಂಡನ ಕೆಲಸದ ಕಡೆ ಫ್ರೇಮುಗಳನ್ನು ಸೋಪಿನ ನೀರಲ್ಲಿ ಮುಳುಗಿಸಿ ಯಂತ್ರದಿಂದ ಅಲುಗಿಸುವುದು ಶುರುವಾಯಿತು. “ಮೊದಲಿನ ಹಾಗೆ ಫಳಫಳ ಅನ್ನಲ್ಲ,” ಎಂದು ಒಂದು ವಾರ ಗೊಣಗಿ ಅವನೂ ಒಗ್ಗಿಕೊಂಡ.

ಕತ್ತಲಕ್ಕ ಹೊಸ ಯಂತ್ರದ ಕೆಲಸವನ್ನೂ ಕಲಿತಳು. ಈಗಿನ ಕೋಣೆಗೆ ದೊಡ್ಡ ಕಿಟಕಿಗಳಿವೆ, ಲೇಸರುಗಳು ಮುಚ್ಚಿದ ಪೆಟ್ಟಿಗೆಯೊಳಗೆ ಇವೆ. ಬಾಗಿಲ ಪಕ್ಕ ದಾರ ಕಟ್ಟಿದ ಒಂದು ಪುಸ್ತಕ ತೂಗುಹಾಕಿದ್ದಾಳೆ. ಏನಕ್ಕಾದರೂ ಕೈ ತಗುಲಿದರೆ, ಏನಾದರೂ ಬಿದ್ದರೆ, ಅದರಲ್ಲಿ ಬರೆಯಬೇಕು. ವಿದ್ಯಾರ್ಥಿಗಳು “ಇಂದು ನನ್ನ ತಲೆ ಕಪಾಟಿಗೆ ತಗುಲಿತು, ಕಪಾಟಿಗೆ ಏನೂ ಆಗಿಲ್ಲ” ಎಂದೆಲ್ಲ ಬರೆದು ತಮಾಷೆ ಮಾಡುತ್ತಾರೆ. ಅವಳು ಪ್ರತಿ ಸಾಲಿನ ಕೆಳಗೂ ಸಹಿ ಹಾಕುತ್ತಾಳೆ.

ಒಂದು ಅಭ್ಯಾಸ ಮಾತ್ರ ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದಳು. ವರ್ಷಕ್ಕೊಮ್ಮೆ, ಆ ದ್ರವದ ಕೊನೆಯ ಡಬ್ಬ ಗಂಡನ ಕಾರ್ಖಾನೆಯಿಂದ ಹೊರಹೋದ ತಿಂಗಳು, ಅಡುಗೆಮನೆಯ ಕ್ಯಾಲೆಂಡರ್ ಎತ್ತಿ ಅದರ ಹಿಂದಿನ ಗೋಡೆಗೆ ಪೆನ್ಸಿಲ್ಲಿನಲ್ಲಿ ಒಂದು ಲೆಕ್ಕ ಹಾಕುತ್ತಿದ್ದಳು. ಏಳನೆಯ ವರ್ಷ ಹಾಗೆ ನಿಂತಿದ್ದಾಗ ಗಂಡ ಬಾಗಿಲಲ್ಲಿ ಬಂದು ನಿಂತ.

“ಗಾಳೀಲಿ ಇನ್ನೆಷ್ಟು ಉಳಿದಿದೆ?”

ಅವಳು ಬೆಚ್ಚಿದಳು. ಆಮೇಲೆ ಮುಚ್ಚಿಡುವ ಪ್ರಯತ್ನ ಮಾಡಲಿಲ್ಲ. “ಹತ್ತರಲ್ಲಿ ಒಂದು ಪಾಲು.”

“ಪೂರ್ತಿ ಯಾವಾಗ ಹೋಗುತ್ತೆ?”

“ಪೂರ್ತಿ ಅಂತ ಹೋಗಲ್ಲ ಕಣ್ರೀ. ಮೂರು ವರ್ಷ ಅನ್ನೋದು ಹೆಚ್ಚೂಕಡಿಮೆ ಮೂರರಲ್ಲೊಂದು ಪಾಲಿಗೆ ಇಳಿಯೋ ಹೊತ್ತು, ಹಾಗೇ ಕಡಿಮೆ ಆಗ್ತಾ ಇರುತ್ತೆ.”

ಅವನು ಹತ್ತಿರ ಬಂದು, ಕನ್ನಡಕ ಹಣೆಗೇರಿಸಿ, ಸಾಲಾಗಿ ಬರೆದಿದ್ದ ಏಳು ಸಂಖ್ಯೆಗಳನ್ನು ಒಂದೊಂದಾಗಿ ಓದಿದ. ಮೂರನೆಯದರ ಮೇಲೆ ಬೆರಳಿಟ್ಟು, “ಇಲ್ಲಿ ಒಂದು ಸೊನ್ನೆ ಅಳಿಸಿದೆ ನೋಡು, ಸರಿ ಮಾಡು,” ಅಂದ. ಅವಳು ಪೆನ್ಸಿಲ್ ಚೂಪು ಮಾಡಿಕೊಂಡು ಬಂದು ಅದನ್ನು ತಿದ್ದಿದಳು.